ಸರ್ ನನ್ನನ್ನು ಕಳಿಸಲಿಲ್ಲ

ನಮ್ಮ ಕಬಡ್ಡಿ ಸರ್ ಅವರ ಎರಡೂ ಮೊಣಕಾಲುಗಳು ರೊಟ್ಟಿ ಹಂಚಿನ ತಳದ ಹಾಗೆ ಕರ್ರಗೆ ದಡ್ಡುಗಟ್ಟಿದ್ದವು. ಮಣ್ಣಿನ ಅಂಗಳದಲ್ಲಿ ವರ್ಷಗಟ್ಟಲೆ ಬಿದ್ದು ಎದ್ದ ಮೊಣಕಾಲುಗಳು ಅವು. ಬಿಳಿ ಚಡ್ಡಿ ಅವನ್ನು ಮುಚ್ಚುತ್ತಿರಲಿಲ್ಲ, ಮುಚ್ಚಬೇಕೆಂದು ಅವರಿಗೂ ಅನಿಸಿರಲಿಲ್ಲ. ಸೀಟಿಯನ್ನು ಬಾಯಿಯ ಒಂದು ಪಕ್ಕಕ್ಕೆ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಹೀಗಾಗಿ ಬೈಗುಳದ ನಡುವೆ ಅಲ್ಲಲ್ಲಿ ಸಣ್ಣಗೆ ಸೀಟಿಯೂ ಕೇಳುತ್ತಿತ್ತು. ನಮಗೆ ನಗು ತಡೆಯಲಾಗುತ್ತಿರಲಿಲ್ಲ. ನಕ್ಕವರು ಮೈದಾನ ಸುತ್ತಬೇಕಾಗುತ್ತಿತ್ತು.

ಸರ್ ರಾಣೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರು. ಪ್ರತಿ ಬೇಸಿಗೆ ರಜೆಯಲ್ಲಿ ಅದೇ ಶಾಲೆಯ ಮೈದಾನದಲ್ಲಿ ಹುಡುಗಿಯರ ಕಬಡ್ಡಿ ಶಿಬಿರ ನಡೆಸುತ್ತಿದ್ದರು. ಹಾವೇರಿ, ಬ್ಯಾಡಗಿ, ಕಾಗಿನೆಲೆ, ಅಗಡಿ ಎಲ್ಲ ಕಡೆಯಿಂದ ಹುಡುಗಿಯರು ಬಸ್ಸು ಹತ್ತಿ ಬರುತ್ತಿದ್ದರು. ಶಿಬಿರದ ಕೊನೆಗೆ ಜಿಲ್ಲೆಯ ಕಿರಿಯರ ತಂಡ ಆರಿಸುವುದು ಸರ್ ಕೈಯಲ್ಲಿತ್ತು. ಆ ತಂಡ ರಾಜ್ಯಮಟ್ಟಕ್ಕೆ ಹೋಗಿ ಆಡುತ್ತಿತ್ತು. ಅಲ್ಲಿ ಕಣ್ಣಿಗೆ ಬಿದ್ದವರನ್ನು ಕ್ರೀಡಾ ಹಾಸ್ಟೆಲ್ಲಿನವರು ತಮ್ಮಲ್ಲೇ ಇಟ್ಟುಕೊಂಡು ಬೆಳೆಸುತ್ತಿದ್ದರು. ಸ್ಟೇಷನ್ ರಸ್ತೆಯ ದರ್ಜಿಯ ಮಗಳಾದ ನನಗೆ ಆಗ ಇದ್ದದ್ದು ಒಂದೇ ಆಸೆ: ಹಾವೇರಿ ಎಂದು ಬೆನ್ನ ಮೇಲೆ ಬರೆದ ಅಂಗಿ ತೊಟ್ಟು ರಾಜ್ಯಮಟ್ಟದಲ್ಲಿ ಒಮ್ಮೆ ಆಡಬೇಕು.

ಶಿಬಿರದ ಮೊದಲ ದಿನ ಸರ್ ಯಾರನ್ನೂ ಆಡಿಸುತ್ತಿರಲಿಲ್ಲ. ಕೈಗೆ ಕೊಡ ಕೊಟ್ಟು ಅಂಗಳಕ್ಕೆ ನೀರು ಹೊಡೆಸುತ್ತಿದ್ದರು. ಕೂಲಿಯವರ ಖರ್ಚು ಉಳಿಸುತ್ತಿದ್ದಾರೆ ಎಂದು ಹೊಸಬರು ಗೊಣಗುತ್ತಿದ್ದರು. ಸರ್ ಮಾತ್ರ ಗೆರೆಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು, ಹಸಿ ಮಣ್ಣಿನ ಮೇಲೆ ಬರಿಗಾಲಲ್ಲಿ ಓಡಾಡುವವರ ಹಿಮ್ಮಡಿ ನೋಡುತ್ತಿದ್ದರು. ಮುಖ ನೋಡುತ್ತಲೇ ಇರಲಿಲ್ಲ. ಹಿಮ್ಮಡಿ ಊರಿ ನಡೆಯುವವಳು ತಡ ಮಾಡುತ್ತಾಳೆ, ತುಂಬಿದ ಕೊಡ ಹೊತ್ತೂ ಬೆರಳ ಮೇಲೆ ತಿರುಗುವವಳು ತಪ್ಪಿಸಿಕೊಳ್ಳುತ್ತಾಳೆ ಎಂಬುದು ಅವರ ಲೆಕ್ಕ. ಎರಡನೇ ದಿನ ಒಬ್ಬೊಬ್ಬರನ್ನೇ ತಳ್ಳಿ ಹೇಗೆ ಬೀಳುತ್ತಾರೆಂದು ನೋಡುತ್ತಿದ್ದರು. ಕೈ ಊರಿ ಬಿದ್ದವರನ್ನು ಪಕ್ಕಕ್ಕೆ ನಿಲ್ಲಿಸಿ, ಮೊದಲು ಬೀಳುವುದನ್ನು ಕಲಿಯಿರಿ, ಆಡುವುದು ಆಮೇಲೆ ಎನ್ನುತ್ತಿದ್ದರು.

ಮೂರನೇ ದಿನದಿಂದ ನನ್ನ ಸರದಿ. ನಾನು ಎಡ ಮೂಲೆಯಲ್ಲಿ ನಿಲ್ಲುತ್ತಿದ್ದೆ. ಎದುರಿನವಳು ಕಬಡ್ಡಿ ಕಬಡ್ಡಿ ಎನ್ನುತ್ತ ಒಳಗೆ ಬಂದು ಕಾಲು ಚಾಚುವ ಹೊತ್ತಿಗೆ ಅವಳ ಹರಡನ್ನು ಎರಡೂ ಕೈಯಲ್ಲಿ ಹಿಡಿದು ಮಲಗಿಬಿಡುವುದು ನನ್ನ ಕೆಲಸ. ಆ ಹಿಡಿತವನ್ನು ಸರ್ ಅವರೇ ಕಲಿಸಿದ್ದರು. ಶಿಬಿರಕ್ಕೆ ಬಂದ ಪ್ರತಿ ರೈಡರ್ ಮೊದಲು ನನ್ನೊಬ್ಬಳ ಮೇಲೆ ದಾಳಿಗೆ ಬರಬೇಕಿತ್ತು. ಬಂದವಳನ್ನು ನಾನು ಕೆಡವಿ ಮಣ್ಣು ಝಾಡಿಸಿಕೊಂಡು ಎದ್ದಾಗ ಸರ್ ಕೇಳುತ್ತಿದ್ದರು, "ಹೆಂಗ ಅನಸ್ತು?" ಇವಳು ಬಲಗಾಲು ಮೊದಲೇ ಎಳೆದುಕೊಳ್ಳುತ್ತಾಳೆ, ಇವಳಿಗೆ ಉಸಿರು ಸಾಲದು, ಇವಳು ಹೆದರಿಲ್ಲ, ಕಲಿಸಿದರೆ ಬರುತ್ತಾಳೆ ಎಂದು ನಾನು ಹೇಳುತ್ತಿದ್ದೆ. ಸರ್ ತಲೆ ಆಡಿಸುತ್ತಿದ್ದರು. ಆ ತಲೆ ಆಡಿಸುವಿಕೆಗೆ ನಾನು ಹಿಗ್ಗಿ ಹೀರೇಕಾಯಿ ಆಗುತ್ತಿದ್ದೆ.

ಬ್ಯಾಡಗಿಯಿಂದ ಒಬ್ಬಳು ಬರುತ್ತಿದ್ದಳು. ಅವಳ ತಾಯಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು, ರಜೆಯಲ್ಲಿ ಇವಳೂ ಜೊತೆಗೆ ಕೂರುತ್ತಿದ್ದಳು. ಮೊದಲ ದಾಳಿಯಲ್ಲೇ ಅವಳ ಕೈ ನನ್ನ ಕೆನ್ನೆಗೆ ತಾಗಿ ಕಣ್ಣು ಧಗಧಗ ಉರಿದು, ಹಿಡಿದ ಕಾಲು ಬಿಟ್ಟುಬಿಟ್ಟೆ. ಸರ್ ನಕ್ಕದ್ದೇ ನಕ್ಕದ್ದು. ಮರುದಿನದಿಂದ ಅವಳು ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿ, ಸೋಪು ಹಾಕಿ ತೊಳೆದು ಸರ್‌ಗೆ ಮೂಸಲು ಕೊಟ್ಟ ಮೇಲೇ ಅಂಗಳಕ್ಕೆ ಇಳಿಯಬೇಕಾಯಿತು. ಆಮೇಲೆ ಅವಳು ನನ್ನಿಂದ ದಿನವೂ ಬೀಳುತ್ತಲೇ ಇದ್ದಳು. ಬೀಳುತ್ತ ಬೀಳುತ್ತ ನನ್ನ ಭುಜ ಯಾವಾಗ ಇಳಿಯುತ್ತದೆ ಎಂದು ನೋಡಿಟ್ಟುಕೊಂಡಳು. ಶಿಬಿರದ ಕೊನೆಯ ವಾರ ಒಂದು ಬೆಳಿಗ್ಗೆ ನನ್ನ ತಲೆಯ ಮೇಲಿಂದ ಹಾರಿ ಗೆರೆ ಮುಟ್ಟಿದಳು. ಸರ್ ಬಾಯಿಯಿಂದ ಸೀಟಿ ತೆಗೆದರು. ಅವರು ಸೀಟಿ ತೆಗೆಯುತ್ತಿದ್ದದ್ದು ಬಹಳ ಅಪರೂಪ. "ಇಕಿ ನಡೀತಾಳ," ಅಂದರು. ಅವಳು ತಂಡಕ್ಕೆ ಬಂದಳು, ರಾಜ್ಯಮಟ್ಟಕ್ಕೆ ಹೋದಳು, ಅಲ್ಲಿಂದ ಹಾಸ್ಟೆಲ್ಲಿಗೆ, ಈಗ ಪೊಲೀಸ್ ಇಲಾಖೆಯಲ್ಲಿದ್ದಾಳೆ.

ನನ್ನ ಹೆಸರು ಮಾತ್ರ ಬರಲಿಲ್ಲ. ಮೊದಲ ವರ್ಷ, ನೀನಿನ್ನೂ ಸಣ್ಣವಳು ಎಂದರು. ಒಪ್ಪಿದೆ. ಎರಡನೇ ವರ್ಷ ನನ್ನ ಜಾಗಕ್ಕೆ, ನಾನೇ ಕಾಲು ಹಿಡಿಯುವುದು ಹೇಳಿಕೊಟ್ಟಿದ್ದ ಹಾವೇರಿಯ ಹುಡುಗಿಯನ್ನು ತೆಗೆದುಕೊಂಡರು. ನಾನು ಶಾಲೆಯ ನಲ್ಲಿಯ ಹತ್ತಿರ ಮುಖ ತೊಳೆಯುವ ನೆಪದಲ್ಲಿ ಅಳುತ್ತ ನಿಂತಿದ್ದೆ. ಸರ್ ಬಂದು ತಲೆಯ ಮೇಲೆ ಕೈ ಇಟ್ಟರು.

"ನಿನ್ನ ಕೈ ಗಿಡ್ಡ ಅದಾವ ತಂಗಿ. ಇಲ್ಲೆ ಮಣ್ಣಾಗ ನಡೀತದ. ಅಲ್ಲೆ ಮ್ಯಾಟ್ ಮ್ಯಾಲೆ ಎತ್ತರದ ಹುಡಿಗ್ಯಾರು ಬರ್ತಾರ. ನಿನಗ ನಿಲುಕಂಗಿಲ್ಲ."

ಅಂದಿನಿಂದ ನನ್ನ ಕೈಗಳೇ ನನಗೆ ವೈರಿಗಳಾದವು. ಹಿತ್ತಲಿನ ಬೇವಿನ ಮರಕ್ಕೆ ಜೋತುಬಿದ್ದೆ, ಬಾಗಿಲ ಚೌಕಟ್ಟಿಗೆ ಜೋತುಬಿದ್ದೆ. ಮನೆಯೇ ಬಿದ್ದೀತೆಂದು ಅಮ್ಮಿ ಬೈದರು. ಯಾರ ಮನೆಗೆ ಹೋದರೂ ಅಲ್ಲಿನ ಹುಡುಗಿಯರ ಕೈಯನ್ನೇ ನೋಡುತ್ತಿದ್ದೆ. ಅಬ್ಬಾ ಒಂದು ದಿನ ಅಂಗಡಿಯಲ್ಲಿ ನನ್ನನ್ನು ನಿಲ್ಲಿಸಿ ಭುಜದಿಂದ ಮಣಿಕಟ್ಟಿನವರೆಗೆ ಟೇಪು ಹಿಡಿದರು. ನಿನ್ನ ಎತ್ತರಕ್ಕೆ ಇರಬೇಕಾದಷ್ಟೇ ಇದೆ, ಒಂದು ಬೆರಳು ಹೆಚ್ಚೇ ಇದೆ ಎಂದು ಉರ್ದುವಿನಲ್ಲಿ ಹೇಳಿದರು. ನಿಮಗೆ ಅಂಗಿಯ ತೋಳು ಗೊತ್ತು, ಕಬಡ್ಡಿ ಏನು ಗೊತ್ತು ಎಂದು ನಾನು ಜಗಳ ತೆಗೆದೆ. ಸರ್ ಹೇಳಿದ ಮೇಲೆ ಮುಗಿಯಿತು. ಮೂರನೇ ವರ್ಷವೂ ನನ್ನ ಕೈ ಗಿಡ್ಡವೇ ಇದ್ದವು. ಅಲ್ಲಿಗೆ ಕಿರಿಯರ ವಯಸ್ಸಿನ ಮಿತಿ ದಾಟಿತು, ನನ್ನ ಆಟವೂ ಮುಗಿಯಿತು.

ಇಷ್ಟೇ ಆಗಿದ್ದರೆ ನಾನು ಅವರನ್ನು ಮರೆತುಬಿಡುತ್ತಿದ್ದೆನೋ ಏನೋ. ಆದರೆ ಪಿಯುಸಿ ಮುಗಿದ ಮೇಲೆ ಮುಂದೇನು ಎಂದು ಮನೆಯಲ್ಲಿ ಎಲ್ಲರೂ ತಲೆಗೊಂದು ಮಾತಾಡುತ್ತಿದ್ದಾಗ, ಸರ್ ತಾವಾಗಿ ನಮ್ಮ ಅಂಗಡಿಗೆ ಬಂದರು. ಹೊಲಿಗೆ ಮಿಷಿನ್ನಿನ ಎದುರು ಸ್ಟೂಲಿನ ಮೇಲೆ ಕುಳಿತು, ಹುಡುಗಿಗೆ ಆಟಗಾರರನ್ನು ನೋಡುವ ಕಣ್ಣಿದೆ, ಧಾರವಾಡದಲ್ಲಿ ದೈಹಿಕ ಶಿಕ್ಷಣ ಓದಿಸಿ ಎಂದು ಅಬ್ಬಾಗೆ ತಿಳಿಹೇಳಿದರು. ಕಾಲೇಜಿನಲ್ಲಿ ಸೀಟು ಕೊಡಿಸಲು ತಾವೇ ಓಡಾಡಿದರು. ಇಂದು ಕಾಗಿನೆಲೆ ಕಡೆಯ ಶಾಲೆಯೊಂದರಲ್ಲಿ ನಾನು ಶಿಕ್ಷಕಿ. ತಿನ್ನುವ ಅನ್ನಕ್ಕೆ ಅವರ ಋಣವಿದೆ, ಇಲ್ಲವೆನ್ನಲಾರೆ. ಶಾಲೆಯ ಮಕ್ಕಳಿಗೆ ಆಟ ಹೇಳಿಕೊಡುವಾಗ ಮಾತು ಮಾತಿಗೂ ನಮ್ಮ ಸರ್ ಹೀಗನ್ನುತ್ತಿದ್ದರು, ನಮ್ಮ ಸರ್ ಹಾಗನ್ನುತ್ತಿದ್ದರು ಎನ್ನುತ್ತಿದ್ದೆ.

ಆಮೇಲೆ ಅವರ ನಿವೃತ್ತಿಯ ಸಮಾರಂಭ ಬಂತು. ಶಾಲೆಯ ಸಭಾಭವನ ಹಳೆಯ ಆಟಗಾರ್ತಿಯರಿಂದ ತುಂಬಿತ್ತು. ಬ್ಯಾಡಗಿಯವಳು ರಜೆ ಹಾಕಿ ಬಂದಿದ್ದಳು. ಅಬ್ಬಾ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಸರ್ ಮಾತಿಗೆ ಎದ್ದವರು ನನ್ನನ್ನು ವೇದಿಕೆಗೆ ಕರೆದರು. ನನ್ನ ಮಣಿಕಟ್ಟು ಹಿಡಿದು ಎಲ್ಲರಿಗೂ ಕಾಣುವಂತೆ ಮೇಲೆತ್ತಿದರು.

"ಈಕಿನ್ನ ನಾ ಬೇಕಂತ ಕಳಸ್ಲಿಲ್ಲ. ಇಂಥಾ ಕೈ ಇಡೀ ಜಿಲ್ಲಾದಾಗ ನಾ ಇನ್ನೊಂದು ನೋಡಿಲ್ಲ. ಒಮ್ಮೆ ಕಳಿಸಿದ್ರ ಹಾಸ್ಟೆಲ್‌ದವರು ಇಟಗೊಂಡ ಬಿಡ್ತಿದ್ರು. ಆಮ್ಯಾಲೆ ಈ ಹುಡಿಗ್ಯಾರನ್ನ ನಾ ಯಾರ ಮ್ಯಾಲೆ ಪರೀಕ್ಷಾ ಮಾಡ್ಲಿ? ಈಕಿನ್ನ ದಾಟಿದಾಕಿ ಎಲ್ಲೆ ಹೋದ್ರೂ ದಾಟ್ತಾಳ ಅಂತ ನನಗ ಗೊತ್ತಿತ್ತು."

ಸಭೆ ಚಪ್ಪಾಳೆ ತಟ್ಟಿತು. ಸರ್ ತಮಗೆ ಹೊದಿಸಿದ್ದ ಶಾಲನ್ನು ತೆಗೆದು ನನಗೆ ಹೊದಿಸಿದರು. ಅವರ ಕಣ್ಣಲ್ಲಿ ನೀರಿತ್ತು. ಜೀವಮಾನದಲ್ಲಿ ಯಾರಿಗೂ ಕೊಡದ ಗೌರವವನ್ನು ನನಗೆ ಕೊಡುತ್ತಿದ್ದೇನೆಂದೇ ಅವರು ತಿಳಿದಿದ್ದರು. ತಪ್ಪೆಂದು ತಿಳಿದು ಮುಚ್ಚಿಟ್ಟಿದ್ದರೆ ಕಳ್ಳರೆಂದು ಬೈದು ಸುಮ್ಮನಾಗುತ್ತಿದ್ದೆ. ಅವರಿಗೆ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಕಂಡಿರಲೇ ಇಲ್ಲ. ನಾನು ಶಾಲು ಹೊದ್ದು ಗೊಂಬೆಯ ಹಾಗೆ ನಗುತ್ತ ನಿಂತೆ, ಫೋಟೋದಲ್ಲೂ ಹಾಗೇ ಬಂದಿದ್ದೇನೆ.

ಅಬ್ಬಾ ನನ್ನನ್ನು ಸ್ಕೂಟರಿನಲ್ಲಿ ಮನೆಗೆ ಕರೆತಂದರು. ಗಾಡಿ ನಿಲ್ಲಿಸಿದ ಮೇಲೆ, ಹಾಗಾದರೆ ನನ್ನ ಟೇಪು ಸರಿಯಾಗಿಯೇ ಇತ್ತು ಎಂದಷ್ಟೇ ಹೇಳಿ ಒಳಗೆ ಹೋದರು.

ವಾರ ಕಳೆದರೂ ಸಿಟ್ಟು ಇಳಿಯಲಿಲ್ಲ. ಸರ್ ಮನೆಗೆ ಹೋದೆ. ಅವರ ಹೆಂಡತಿ ಗಿರಮಿಟ್ ಮಾಡಿ ತಟ್ಟೆ ಮುಂದಿಟ್ಟರು, ಮುಟ್ಟಲಿಲ್ಲ. ಸುಳ್ಳು ಯಾಕೆ ಹೇಳಿದಿರಿ ಎಂದು ನೇರವಾಗಿ ಕೇಳಿದೆ. ಸರ್‌ಗೆ ನಿಜವಾಗಿ ಆಶ್ಚರ್ಯವಾಯಿತು.

"ನೀ ಹೋಗಿದ್ರ ನೀ ಒಬ್ಬಾಕಿ ಹೋಗ್ತಿದ್ದಿ ತಂಗಿ. ನೀ ಉಳದಿದ್ದಕ್ಕ ಎಷ್ಟ ಮಂದಿ ಹೋದ್ರು, ನೋಡು."

"ನನ್ನ ಒಂದ ಮಾತ ಕೇಳಿದ್ರೇನ್ರಿ ಸರ್?"

"ಕೇಳಿದ್ರ ನೀ ಹೂಂ ಅಂತಿದ್ದಿ. ನೀ ಎಂದರ ನನ್ನ ಮಾತ ಮೀರೀದಿ?"

ಖರೇ. ಅವರು ಕೇಳಿದ್ದರೆ ನಾನು ಹೂಂ ಎನ್ನುತ್ತಿದ್ದೆ. ನನ್ನ ಮೈಗೆ ಬೆಂಕಿ ಹತ್ತಿದ್ದೇ ಅದಕ್ಕೆ. ಹೂಂ ಎಂದಿದ್ದರೆ ಅದು ನಾನು ಕೊಟ್ಟದ್ದಾಗುತ್ತಿತ್ತು. ಬ್ಯಾಡಗಿಯವಳು ಗೆದ್ದು ಬಂದಾಗ ನನ್ನದೂ ಒಂದು ಪಾಲು ಎಂದು ಎದೆಯುಬ್ಬಿಸಿ ನಡೆಯುತ್ತಿದ್ದೆ. ಅದರ ಬದಲು ಬೇವಿನ ಮರಕ್ಕೆ ಜೋತುಬಿದ್ದು ಕೈ ಉದ್ದವಾಗಲೆಂದು ದುವಾ ಕೇಳಿದೆ. ಎದ್ದು ಬಂದೆ. ಆಮೇಲೆ ಅವರ ಮನೆಯ ಮೆಟ್ಟಿಲು ಹತ್ತಲಿಲ್ಲ. ಹಬ್ಬಕ್ಕೆ ಅವರು ಫೋನ್ ಮಾಡುತ್ತಿದ್ದರು, ನಾನು ಚುಟುಕಾಗಿ ಮಾತಾಡಿ ಇಡುತ್ತಿದ್ದೆ.

ಹೋದ ವರ್ಷ ಸರ್ ತೀರಿಕೊಂಡರು. ಹೋಗಬಾರದೆಂದುಕೊಂಡವಳು ಹೋದೆ. ಅಂಗಳದ ತುಂಬ ಅವರು ಕಳಿಸಿದ ಹುಡುಗಿಯರೇ ಇದ್ದರು, ಕೆಲವರ ಕಂಕುಳಲ್ಲಿ ಮಕ್ಕಳು. ಯಾರೋ ಹಿರಿಯರು ಒಬ್ಬೊಬ್ಬರನ್ನೇ ನೀನು ಯಾವ ವರ್ಷದ ತಂಡ ಎಂದು ಕೇಳುತ್ತ ಬಂದರು. ನನ್ನ ಹತ್ತಿರ ಬಂದಾಗ ಬ್ಯಾಡಗಿಯವಳು, ಇವಳು ಎಲ್ಲ ವರ್ಷದವಳು ಎಂದು ನನ್ನನ್ನು ತಬ್ಬಿಕೊಂಡು ಅತ್ತಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ನನಗೆ ಅಳು ಬರಲಿಲ್ಲ.

ಈ ಬೇಸಿಗೆಯ ಶಿಬಿರವನ್ನು ಹಾವೇರಿಯಲ್ಲಿ ನಾವು ಕೆಲವು ಶಿಕ್ಷಕರು ಸೇರಿ ನಡೆಸಿದೆವು. ನೀರು ಹೊಡೆಸಿ ಹಿಮ್ಮಡಿ ನೋಡಿದೆ, ತಳ್ಳಿ ಬೀಳುವುದನ್ನು ನೋಡಿದೆ. ಬೇರೆ ರೀತಿ ನೋಡಲು ನನಗೆ ಬರುವುದೇ ಇಲ್ಲ. ಅಗಡಿಯಿಂದ ಬಂದ ಹುಡುಗಿಯೊಬ್ಬಳು ಎಡ ಮೂಲೆಯಲ್ಲಿ ನಿಂತು, ಬಂದವರನ್ನೆಲ್ಲ ಮಲಗಿಸಿಬಿಟ್ಟಳು. ಅದೇ ವಾರ ಕ್ರೀಡಾ ಹಾಸ್ಟೆಲ್ಲಿನ ಆಯ್ಕೆ ಇತ್ತು. ಜೊತೆಯ ಶಿಕ್ಷಕರು, ಇವಳೇ ಹೋದರೆ ಉಳಿದವರನ್ನು ಯಾರ ಎದುರು ಆಡಿಸಿ ನೋಡುವುದು, ಮುಂದಿನ ವರ್ಷ ಕಳಿಸೋಣ ಬಿಡಿ ಎಂದರು. ನಾನು ಮರುದಿನವೇ ಅವಳನ್ನು ಬಸ್ಸು ಹತ್ತಿಸಿದೆ. ಅವಳು ಆಯ್ಕೆಯಾಗಿ ಅಲ್ಲೇ ಉಳಿದಳು. ಇತ್ತ ಶಿಬಿರದಲ್ಲಿ ಹುಲಿಗಳ ಹಾಗೆ ಕಂಡ ನಮ್ಮ ರೈಡರ್‌ಗಳು ರಾಜ್ಯಮಟ್ಟದ ಮೊದಲ ಪಂದ್ಯದಲ್ಲೇ ಸಾಲುಸಾಲಾಗಿ ಸಿಕ್ಕಿಬಿದ್ದು ಸೋತು ಬಂದರು. ಜೊತೆಯವರು ನನ್ನ ಮುಖ ನೋಡಿದರು. ಸರ್ ಹೇಳಿದ್ದು ಸರಿಯಾಗಿಯೇ ಇತ್ತು. ಹಾಗೆಂದು ಅವರನ್ನು ಕ್ಷಮಿಸಲು ನನ್ನಿಂದ ಆಗಿಲ್ಲ.

ಮೊನ್ನೆ ಭಾನುವಾರ ಆ ಹುಡುಗಿಯ ಫೋನ್ ಬಂತು. ಅಳುತ್ತಿದ್ದಳು.

"ಮೇಡಂ, ಇಲ್ಲೆ ಎಲ್ಲಾರೂ ನನಗಿಂತ ಚೊಲೋ ಆಡ್ತಾರ್ರಿ. ನಾ ಹಿಡಿದ್ರ ಒಬ್ಬಾಕಿನೂ ಬೀಳವಲ್ಲಳ್ರಿ."

ದಿನಾ ಅವರ ಜೊತೆಗೇ ಆಡು, ಬರುತ್ತದೆ ಎಂದು ಸಮಾಧಾನ ಹೇಳಿ ಫೋನ್ ಇಟ್ಟೆ. ಇಟ್ಟ ಮೇಲೆ ನನಗಾದದ್ದು ಹೊಟ್ಟೆಕಿಚ್ಚು, ಬೇರೇನೂ ಅಲ್ಲ. ನನಗಿಂತ ಚೆನ್ನಾಗಿ ಆಡುವವರು ಆಗ ಎಲ್ಲಿದ್ದರು, ಎಷ್ಟು ಜನ ಇದ್ದರು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.