ವಾದ್ಯಾರಣ್ಣನ ಐದು ನೆಲದ ತೋಟ

ಮೊನ್ನೆ ಮಲೆಯಿಂದ ಇಳಿದು ಬಂದ, ಪಳಿಯರೆಂಬ ಕಾಡುಜನರ ಹೆಂಗಸೊಬ್ಬಳು ನಮ್ಮ ಬಾಗಿಲಿಗೆ ಜೇನು ತಂದಿದ್ದಳು. ಸೊಸೆ ಮಡಕೆಯ ಬಾಯಿಗೆ ಕಟ್ಟಿದ್ದ ಎಲೆಯನ್ನು ಬಿಚ್ಚಿದಾಗ ಜಗುಲಿಯ ಮೇಲೆ ಕೂತಿದ್ದ ನನ್ನವರೆಗೂ ವಾಸನೆ ಬಂತು. ಒದ್ದೆ ಹುಲ್ಲು, ಹಳೆಯ ಮರದ ತೊಗಟೆ, ಅದರ ಹಿಂದೆ ಸಣ್ಣದೊಂದು ಕಹಿ... ಈ ವರ್ಷ ಮಲೆಯೆಲ್ಲ ಕುರಿಂಜಿ ಹೂ ಬಿಟ್ಟಿದೆ, ಇದು ಅದರದೇ ಜೇನು ಎಂದು ಆಕೆ ತಮಿಳಿನಲ್ಲಿ ಹೇಳುತ್ತಿದ್ದಳು. ಸೊಸೆ ಎಲೆಯ ಚೂರಿನಲ್ಲಿ ಇಷ್ಟು ತಂದು ನನ್ನ ಮುಂದೆ ಹಿಡಿದಳು. ನಾನು ಬೇಡವೆಂದೆ. ಯಾಕೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ವಾದ್ಯಾರಣ್ಣನ ಕಥೆಯನ್ನೇ ಹೇಳಬೇಕಾಗುತ್ತಿತ್ತು.

ಅವರು ನಮ್ಮ ಊರಿನವರೇ, ನಮ್ಮ ಜನವೇ. ಹತ್ತಿರದ ಪೆರಿಯಕುಳದ ಶಾಲೆಯಲ್ಲಿ ತಮಿಳು ಕಲಿಸುವ ವಾದ್ಯಾರ್, ಅಂದರೆ ಮೇಷ್ಟ್ರು. ಮಧುರೆಯಲ್ಲಿ ಯಾರೋ ದೊಡ್ಡ ಪಂಡಿತರ ಮನೆಯಲ್ಲಿದ್ದು ಹಳೆಯ ಕಾವ್ಯಗಳನ್ನೆಲ್ಲ ಓದಿ ಬಂದಿದ್ದರಂತೆ. ನನಗೆ ಆಗ ಇಪ್ಪತ್ತು ದಾಟಿತ್ತು. ಅಪ್ಪ ತೀರಿಕೊಂಡಿದ್ದರು, ಮಲೆಯ ಬುಡದ ನಮ್ಮ ಹೊಲವನ್ನು ಅವ್ವ ಮತ್ತು ನಾನು ನೋಡಿಕೊಳ್ಳುತ್ತಿದ್ದೆವು. ವಾದ್ಯಾರಣ್ಣನಿಗೆ ಹೆಂಡತಿ ಮಕ್ಕಳು ಇನ್ನೂ ಇರಲಿಲ್ಲ. ಶಾಲೆ ಬಿಟ್ಟ ಮೇಲೆ ನೇರ ನಮ್ಮ ಹಟ್ಟಿಗೆ ಬಂದು ಕೂತರೆ ಅವ್ವ ಇಕ್ಕಿದ ಕಂಬಿನ, ಅಂದರೆ ಸಜ್ಜೆಯ, ಮುದ್ದೆ ಉಂಡೇ ಹೋಗುತ್ತಿದ್ದರು. "ಅವ್ವಾ, ಮಧುರೆ ಅನ್ನ ತಿಂದು ತಿಂದು ನಾಲ್ಗೆ ಸತ್ತೋಗಿತ್ತು" ಅನ್ನುತ್ತಿದ್ದರು. ಅವ್ವನಿಗೆ ಅದನ್ನು ಕೇಳುವುದೇ ಒಂದು ಸುಖ.

ತಮಿಳು ಸೀಮೆಯೊಳಗಿನ ನಮ್ಮ ಜನಕ್ಕೆ ಮನೆಯ ಮಾತು ಕನ್ನಡ, ಓದು ಬರಹವೆಲ್ಲ ತಮಿಳು. ಕನ್ನಡಕ್ಕೂ ಅಕ್ಷರ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮೈಸೂರು ಸೀಮೆಯಿಂದ ಬರುತ್ತಿದ್ದ ಕಂಬಳಿ ವ್ಯಾಪಾರಿಯೊಬ್ಬನ ಬಳಿ ವಾದ್ಯಾರಣ್ಣ ಅದನ್ನು ಕಲಿತಿದ್ದರು. ನಮ್ಮ ಕಣದಲ್ಲಿ ಮರಳು ಹರವಿ ನನ್ನ ಬೆರಳು ಹಿಡಿದು ತಿದ್ದಿಸಿದರು. ನಾನು ಈಗ ಇದನ್ನು ಬರೆಯುತ್ತಿರುವುದೂ ಅವರು ಕಲಿಸಿದ ಅಕ್ಷರದಲ್ಲೇ... ಅವ್ವ ಆಡುವ ಮಾತುಗಳನ್ನು ಅವರು ತುಂಬ ಆಸೆಯಿಂದ ಕೇಳುತ್ತಿದ್ದರು. ಯಾವುದಾದರೂ ಹಳೆಯ ಮಾತು ಅವಳ ಬಾಯಿಂದ ಬಂದರೆ ಊಟ ನಿಲ್ಲಿಸಿ, "ಇನ್ನೊಂದ್ಸಲ ಏಳವ್ವಾ" ಅನ್ನುತ್ತಿದ್ದರು. ನಮ್ಮ ಮಾತಿಗೂ ಬೆಲೆಯಿದೆ ಎಂದು ಹಾಗೆ ತೋರಿಸಿಕೊಟ್ಟವರು ಅವರೊಬ್ಬರೇ.

ಪೆರಿಯಕುಳದ ಹೊಳೆದಂಡೆಯಲ್ಲಿ ಊರವರೆಲ್ಲ ಬಂದು ಕೂರುವಂಥ ಒಂದು ತೋಟ ಮಾಡಬೇಕೆಂದು ದೊಡ್ಡವರೆಲ್ಲ ಸೇರಿ ತೀರ್ಮಾನಿಸಿದ್ದು ಆ ಕಾಲದಲ್ಲೇ. ಅದನ್ನು ತೆರೆಯಲು ಸರ್ಕಾರದ ಬಿಳಿಯ ದೊರೆ ಬರುತ್ತಾರೆಂದೂ ಗೊತ್ತಾಯಿತು. ಬೇರೆ ಊರುಗಳ ತೋಟದ ಹಾಗೆ ಬಣ್ಣದ ಎಲೆಗಿಡ ನಿಲ್ಲಿಸಿದರೆ ಸಾಲದು, ಹಳೆಯ ತಮಿಳು ಕಾವ್ಯಗಳ ಐದು ನೆಲಗಳನ್ನು ಅಲ್ಲಿ ಮಾಡಿ ತೋರಿಸೋಣ ಎಂದು ವಾದ್ಯಾರಣ್ಣ ಅವರ ಮುಂದೆ ಹೇಳಿದರಂತೆ. ಅವರು ಒಪ್ಪಿದರು. ಅಂದು ಸಂಜೆ ವಾದ್ಯಾರಣ್ಣ ನಮ್ಮ ಹಟ್ಟಿಗೆ ಬಂದಾಗ ಚಪ್ಪಲಿಯನ್ನೂ ಬಿಡದೆ ಕಣಕ್ಕೆ ನಡೆದು, ಕಡ್ಡಿಯಿಂದ ನೆಲದ ಮೇಲೆ ಐದು ಪಾತಿ ಗೀರಿದರು.

"ಇದು ಮಲೆ, ಇಲ್ಲಿ ಗಂಡು ಎಣ್ಣು ಕೂಡ್ತಾರೆ. ಇದು ಕಾಡು, ಇಲ್ಲಿ ಎಣ್ಣು ಕಾಯ್ತಾ ಕೂತವ್ಳೆ. ಇದು ಗದ್ದೆ ಬಯ್ಲು, ಇಲ್ಲಿ ಮುನಿಸು. ಇದು ಕಡ್ಲ ತೀರ, ಇಲ್ಲಿ ಅಳು. ಇದು ಬೆಂಗಾಡು, ಗಂಡ್ಸು ಬುಟ್ಟು ಒಂಟೋಗೋ ದಾರಿ. ಒಂದೊಂದು ನೆಲ್ಕೂ ಒಂದೊಂದು ಊವು."

ಅವ್ವ ಮೊರ ಕೆಳಗಿಟ್ಟು ಬಂದು ನೋಡಿದಳು. "ಎಲ್ಲಾ ನಮ್ ಬದ್ಕೇ ಅಲ್ವಪ್ಪಾ" ಅಂದಳು. ವಾದ್ಯಾರಣ್ಣ ಚಪ್ಪಾಳೆ ತಟ್ಟಿ ನಕ್ಕರು.

ಆ ತೋಟಕ್ಕಾಗಿ ನಾನು ದುಡಿದದ್ದನ್ನು ನೆನೆದರೆ ಈಗಲೂ ತೋಳು ಬಿಗಿಯುತ್ತದೆ. ಕಡಲ ಪಾತಿಗೆ ಹೊಳೆಯ ಮರಳು ಹೊಡೆದೆ, ಅದರ ಅಂಚಿಗೆ ಕೇದಗೆ ನೆಟ್ಟೆ. ಕಾಡಿನ ಪಾತಿಗೆ ಮಲ್ಲಿಗೆ ಬಳ್ಳಿ ಹಬ್ಬಿಸಿದೆ. ಗದ್ದೆಯ ಪಾತಿಗೆ ಕೆಸರು ತುಂಬಿ ಭತ್ತದ ಸಸಿ ನೆಟ್ಟೆ. ಬೆಂಗಾಡಿಗೆ ಕಳ್ಳಿ, ಸುಟ್ಟ ಕಲ್ಲು. ಎಲ್ಲವನ್ನೂ ನಮ್ಮ ಗಾಡಿಯಲ್ಲೇ ಸಾಗಿಸಿದ್ದು. ಆ ಎತ್ತುಗಳು ಅವ್ವ ಕರುವಿನಿಂದ ಸಾಕಿದ್ದ ಜೋಡಿ. ನಾನು ಕೂಗಿದರೆ ಬರದೆ ಅವಳು ಕೆಮ್ಮಿದರೆ ಬರುವಂಥವು. ಉಳಿದದ್ದು ಮಲೆಯ ಪಾತಿ ಒಂದೇ. ಅದಕ್ಕೆ ಕುರಿಂಜಿ ಬೇಕಿತ್ತು. ನಮ್ಮ ಪುಣ್ಯವೋ ಪಾಪವೋ, ಎಷ್ಟೋ ವರ್ಷಕ್ಕೊಮ್ಮೆ ಬಿಡುವ ಆ ಹೂ ಆ ವರ್ಷವೇ ಬಿಟ್ಟಿತ್ತು.

"ತಂಬಿ, ಬೇರ್ ಸಮೇತ ಬೇಕು. ಈ ಬಿಸ್ಲಲ್ಲಿ ನಾಕ್ ದಿನ ನಿಂತ್ರೆ ಸಾಕು, ದೊರೆ ನೋಡಿ ಓದ್ಮೇಲೆ ಒಣಗ್ಲಿ" ಅಂದರು ವಾದ್ಯಾರಣ್ಣ.

"ಕಾಡ್ ಕಾವಲ್ನೋರು ಬುಡ್ತಾರಾ ಅಣ್ಣಾ?" ಎಂದು ಕೇಳಿದೆ. ಮಲೆಯ ಕಾಡನ್ನು ಸರ್ಕಾರ ತನ್ನದೆಂದು ಕಲ್ಲು ನೆಟ್ಟು, ಒಂದು ಹೊರೆ ಸೌದೆಗೂ ಅಪ್ಪಣೆ ಕೇಳಬೇಕಾದ ಕಾಲ ಅದು.

"ನಾನ್ ಕೇಳಿವ್ನಿ. ಸೆರಿ ಅಂದವ್ರೆ. ಯಾರಾರ ಇಡುದ್ರೆ ನನ್ನೆಸ್ರು ಏಳು."

ನಾನು ಮತ್ತು ನಮ್ಮ ಸೋದರಮಾವ ಕೊಡೈಕಾನಲ್ಲಿಗೆ ಹೋಗುವ ಕಾಲುದಾರಿ ಹಿಡಿದು ಹತ್ತಿದೆವು. ಮೇಲೆ ಹೋದಾಗ ಕಂಡದ್ದನ್ನು ಹೇಳಲು ನನಗೆ ಬಾರದು. ಇಳಿಜಾರಿಗೆ ಇಳಿಜಾರೇ ನೀಲಿ, ಅದರ ಮೇಲೆ ಜೇನುಹುಳುಗಳ ಮೊರೆತ... ವಾದ್ಯಾರಣ್ಣ ಇದನ್ನು ಓದಿ ಬಲ್ಲರೇ ಹೊರತು ಕಣ್ಣಾರೆ ಕಂಡವರಲ್ಲ. ಅವರಿಗೆ ಹೇಳಬೇಕು, ಅವರಿಗೆ ಹೇಗೆ ಹೇಳಲಿ ಎಂದೇ ಯೋಚಿಸುತ್ತಿದ್ದೆ. ಬುಡದ ಮಣ್ಣು ಉದುರದಂತೆ ಗಿಡಗಳನ್ನು ಅಗೆದು, ಪಾಚಿ ಸುತ್ತಿ, ಗೋಣಿ ಕಟ್ಟಿ, ಕಾವಡಿ ಹೊತ್ತು ಇಳಿದೆವು. ಮಲೆಯ ಬುಡದ ತೋಪಿನಲ್ಲಿ ಗಾಡಿಗೆ ಏರಿಸುತ್ತಿರುವಾಗ ಕಾವಲಿನವರು ಬಂದು ನೊಗಕ್ಕೆ ಕೈ ಹಾಕಿದರು. ನಾನು ಹೆದರಲಿಲ್ಲ. ವಾದ್ಯಾರಣ್ಣನ ಹೆಸರು ಹೇಳಿದೆ. ಅವರು ನಮ್ಮನ್ನು ಪೆರಿಯಕುಳದ ಠಾಣೆಗೆ ಕರೆದೊಯ್ದು, ವಾದ್ಯಾರಣ್ಣನನ್ನು ಕರೆತರಲು ಆಳು ಕಳಿಸಿದರು.

ಅವರು ಬಂದರು. ಒಗೆದ ಪಂಚೆ, ಜರಿಯ ಪೇಟ. ಬಾಗಿಲಲ್ಲಿ ಅವರ ನೆರಳು ಕಂಡದ್ದೇ ನಾನು ನಗುತ್ತಾ ಎದ್ದು ನಿಂತೆ. ಕಾಡಿನ ಅಧಿಕಾರಿ ಅವರನ್ನು ಕೂರಿಸಿ, ಅಪ್ಪಣೆಯಿಲ್ಲದೆ ಗಿಡ ಕಿತ್ತಿದ್ದಾರೆ, ಇವರನ್ನು ಕಳಿಸಿದ್ದು ನೀವೋ ಎಂದು ಕೇಳಿದರು.

ವಾದ್ಯಾರಣ್ಣ ಗೋಡೆಯ ಕಡೆ ಮುಖ ತಿರುಗಿಸಿದರು. ಆಮೇಲೆ ತಮಿಳಿನಲ್ಲಿ, ಶಾಲೆಯಲ್ಲಿ ಪಾಠ ಹೇಳುವ ದನಿಯಲ್ಲಿ, "ಈ ಹುಡುಗ ನನಗೆ ಗೊತ್ತು. ತೋಟದ ಕೂಲಿಗೆ ಬರುತ್ತಾನೆ. ಮಲೆಗೆ ಹೋಗೆಂದು ನಾನು ಹೇಳಿಲ್ಲ" ಅಂದರು.

"ಅಣ್ಣಾ!" ಅಂದೆ. ಅವರು ಪೇಟ ಸರಿಮಾಡಿಕೊಂಡು, ಅಧಿಕಾರಿಗೆ ಕೈಮುಗಿದು ಹೊರಟೇಹೋದರು. ಅವರು ಅಪ್ಪಣೆ ಕೇಳಿಯೇ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಕೇಳಿದರೆ ಇಲ್ಲ ಅಂದಾರು ಎಂಬ ಭಯವಿತ್ತೋ ಏನೋ...

ಮಾವನಿಗೆ ವಯಸ್ಸಾಗಿದೆಯೆಂದು ಬಿಟ್ಟರು. ನನ್ನನ್ನು ಕೆಲವು ದಿನ ಒಳಗಿಟ್ಟರು. ಗಾಡಿ ಎತ್ತು ಸರ್ಕಾರಕ್ಕೆ ಸೇರಿದವು. ಹರಾಜಿನಲ್ಲಿ ದಿಂಡಿಗಲ್ ಕಡೆಯ ಯಾರೋ ಹಿಡಿದುಕೊಂಡು ಹೋದರು. ಅವುಗಳನ್ನು ಹೊಡೆದುಕೊಂಡು ಹೋಗುವಾಗ ಅವ್ವ ಬೇಲಿಯ ಹಿಂದೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡಿದ್ದಳಂತೆ, ಕೆಮ್ಮು ಬಂದೀತೆಂದು.

ನಾನು ಹೊರಬಂದ ಹೊತ್ತಿಗೆ ತೋಟ ತೆರೆಯುವ ದಿನ ಬಂದಿತ್ತು. ನಾನು ಹೋಗುವುದಿಲ್ಲ ಎಂದರೂ ಅವ್ವ ಕೇಳಲಿಲ್ಲ. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟುಕೊಂಡು, "ನಡಿ, ನೀ ಮಾಡಿದ್ ತ್ವಾಟ ನೋಡ್ಬೇಕು" ಅಂದಳು.

ದೊರೆ ಬಂದು ಹೋಗಿಯಾಗಿತ್ತು. ಊರಿನ ದೊಡ್ಡವರು, ಅವರ ಮನೆಯ ಹೆಂಗಸರು ಪಾತಿಯಿಂದ ಪಾತಿಗೆ ನಡೆಯುತ್ತಿದ್ದರು. ಮಲೆಯ ಪಾತಿಯಲ್ಲಿ ಕಲ್ಲು ಪೇರಿಸಿ, ಹುಲ್ಲು ಹೊದಿಸಿ, ಸಂದಿನಿಂದ ನೀರು ಹನಿಯುವಂತೆ ಮಾಡಿದ್ದರು. ಅದರ ತುಂಬ ಕುರಿಂಜಿ. ನಾನು ಕಟ್ಟಿದ್ದ ಪಾಚಿಯೂ ಬುಡದಲ್ಲಿ ಹಾಗೆಯೇ ಇತ್ತು. ಕದ್ದ ಮಾಲೆಂದು ನನ್ನಿಂದ ಕಿತ್ತುಕೊಂಡದ್ದನ್ನು ಕಾಡಿನ ಅಧಿಕಾರಿ ತೋಟಕ್ಕೆ ಕೊಡುಗೆಯಾಗಿ ಕೊಟ್ಟಿದ್ದಾರೆಂದು ಪಕ್ಕದಲ್ಲಿದ್ದವರು ಹೊಗಳುತ್ತಿದ್ದರು. ಪಾತಿಯ ಮುಂದೆ ನಿಂತು ವಾದ್ಯಾರಣ್ಣ ವಿವರಿಸುತ್ತಿದ್ದರು. ಇಳಿಜಾರಿನ ನೀಲಿ, ಜೇನುಹುಳುಗಳ ಮೊರೆತ, ಎಲ್ಲವನ್ನೂ ತಾವೇ ಕಂಡು ಬಂದವರಂತೆ ಹೇಳುತ್ತಿದ್ದರು. ಎಲ್ಲರೂ ತಲೆದೂಗುತ್ತಿದ್ದರು.

ಅವ್ವ ಗುಂಪು ಸರಿಸಿಕೊಂಡು ಹೋಗಿ ಅವರೆದುರು ನಿಂತಳು.

"ಏನಪ್ಪಾ, ಚೆನ್ನಾಗಿದ್ದೀಯಾ? ಈ ಗಿಡ್ವ ಒತ್ಕೊಂಡ್ ಬಂದೋನು ನನ್ನ ಮಗ ಅಂತ ಇವ್ರಿಗೆಲ್ಲ ಒಂದ್ ಮಾತ್ ಏಳು. ಅವ್ನು ಕಳ್ಳ ಅಲ್ಲ ಅನ್ನು. ಅಷ್ಟೇ ಸಾಕು. ಎತ್ತು ಕೇಳಕ್ಕೆ ಬಂದಿಲ್ಲ ನಾನು."

ಸುತ್ತ ಇದ್ದವರಿಗೆ ಅವಳ ಮಾತು ತಿಳಿಯಲಿಲ್ಲ. ಒಬ್ಬ ದೊಡ್ಡ ಮನುಷ್ಯರು, ಯಾವ ಭಾಷೆ ಇದು, ಏನನ್ನುತ್ತಾಳೆ ಎಂದು ವಾದ್ಯಾರಣ್ಣನನ್ನೇ ಕೇಳಿದರು.

ವಾದ್ಯಾರಣ್ಣ ಅವ್ವನ ಮುಖ ನೋಡಿದರು. ಆ ಗಳಿಗೆಯಲ್ಲಿ ಅವರು ಹೇಳಿಬಿಡುತ್ತಾರೆ ಎಂದು ನಾನು ಇನ್ನೂ ನಂಬಿದ್ದೆ.

"ಎನ್ನಮ್ಮಾ ಸೊಲ್ರೀಂಗ? ನೀಂಗ ಪೇಸ್ರದು ಪುರಿಯಲಿಯೇ" ಅಂದರು. ನೀವು ಆಡುವ ಮಾತು ನನಗೆ ತಿಳಿಯುತ್ತಿಲ್ಲವಲ್ಲ, ಎಂದು.

ಅವ್ವನಿಗೆ ತಮಿಳು ಬಾರದೇ? ಸಂತೆಯಲ್ಲಿ, ಹೊಲದಲ್ಲಿ ದಿನವೂ ಆಡುವ ಮಾತು. ಅವಳ ಮೊಣಕೈ ಹಿಡಿದು, "ತಮಿಳಲ್ಲೇ ಏಳವ್ವಾ, ಎಲ್ಲರ್ಗೂ ಕೇಳ್ಲಿ" ಅಂದೆ.

ಅವಳು ಇನ್ನೊಂದು ಸಲ ಅವರನ್ನು ನೋಡಿದಳು. "ಬ್ಯಾಡ. ತಿಳೀಬೇಕಾದೋನ್ಗೆ ತಿಳೀತು, ಬಾ" ಅಂದು ತಿರುಗಿ ನಡೆದಳು. ಸಾಯುವವರೆಗೂ ಅವಳು ಅವರ ಸುದ್ದಿ ಎತ್ತಲಿಲ್ಲ.

ತೋಟದ ಕೀರ್ತಿಯಿಂದ ವಾದ್ಯಾರಣ್ಣನಿಗೆ ದಿಂಡಿಗಲ್ಲಿನ ದೊಡ್ಡ ಶಾಲೆಯಲ್ಲಿ ಕೆಲಸವಾಯಿತು. ಮತ್ತೆ ನಮ್ಮ ಕಡೆ ತಲೆಹಾಕಲಿಲ್ಲ. ನಾನು ಮಾವನ ಎತ್ತು ಬೇಡಿ ಉತ್ತು, ಹೇಗೋ ನೆಲೆ ನಿಂತೆ. ಮದುವೆ, ಮಕ್ಕಳು ಎಲ್ಲ ಆದವು. ಆದರೂ ಕಳ್ಳ ಎಂಬ ಮಾತು ನನ್ನ ಬೆನ್ನ ಹಿಂದೆ ಬಹಳ ಕಾಲ ಸುಳಿದಾಡಿತು. ಕಾಮಯಗೌಂಡನ್‌ಪಟ್ಟಿಯ ಒಂದು ಸಂಬಂಧ, ನನ್ನ ಮದುವೆಗೆ ಮುಂಚೆ ಬಂದದ್ದು, ಅದರಿಂದಲೇ ಮುರಿದುಬಿತ್ತು. ಆ ಹೆಣ್ಣನ್ನು ನಾನು ಒಂದೇ ಸಲ ಕಂಡಿದ್ದೆ...

ಹೋದ ವರ್ಷ ಒಬ್ಬರು, ಊರಿನ ಹಳಬರು ಯಾರೆಂದು ವಿಚಾರಿಸಿ, ನನ್ನನ್ನು ಹುಡುಕಿಕೊಂಡು ಬಂದರು. ವಾದ್ಯಾರಣ್ಣನ ಮಗನಂತೆ. ತಂದೆ ತೀರಿಕೊಂಡ ಸುದ್ದಿ ಹೇಳಿದರು. ತಮಿಳಿನಲ್ಲೇ ಮಾತು. ಕೊನೆಯ ದಿನಗಳಲ್ಲಿ ತಂದೆ ಮನೆಯ ಯಾರಿಗೂ ತಿಳಿಯದ ಮಾತಿನಲ್ಲಿ ಏನೇನೋ ಹೇಳುತ್ತಿದ್ದರು, ಜ್ವರದ ಬಡಬಡಿಕೆ ಎಂದುಕೊಂಡೆವು, ಅದು ಈ ಕಡೆಯ ಭಾಷೆ ಇರಬಹುದೆಂದು ಯಾರೋ ಅಂದರು, ನಿಮಗೆ ಗೊತ್ತೇ ಎಂದು ಕೇಳಿದರು.

"ಗೊತ್ತು" ಅಂದೆ. "ಅದು ನಿಮ್ಮಪ್ಪನ ಮನೆಮಾತು. ಚೆನ್ನಾಗಿ ಆಡುತ್ತಿದ್ದರು. ಏನು ಹೇಳುತ್ತಿದ್ದರು, ಒಂದಾದರೂ ಮಾತು ನೆನಪಿದೆಯೇ?"

ಅವರು ತುಟಿ ಅಲುಗಿಸಿ ನೋಡಿದರು. ತಿಳಿಯದ ಮಾತು, ನೆನಪಿನಲ್ಲಿ ನಿಲ್ಲಲಿಲ್ಲ ಎಂದರು.

ನನ್ನ ಹೆಸರು ಹೇಳಿದರೋ, ಅವ್ವನನ್ನು ಕರೆದರೋ, ಮಲೆಯ ಮಾತೋ, ಸುಮ್ಮನೆ ನೀರು ಕೇಳಿದರೋ, ಇನ್ನು ತಿಳಿಯುವ ಹಾಗಿಲ್ಲ. ಅವರ ಮೇಲಿನ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಈ ವಯಸ್ಸಿನಲ್ಲಿ ಅದು ಹೋಗುವುದೂ ಇಲ್ಲ. ಆದರೆ ಆ ಮಂಚದ ಪಕ್ಕದಲ್ಲಿ, ಅವರಾಡಿದ್ದು ತಿಳಿಯುವ ಒಬ್ಬ ಮನುಷ್ಯನಾದರೂ ಇರಬೇಕಿತ್ತು ಅನ್ನಿಸುತ್ತದೆ. ಹೇಳಿಕಳಿಸಿದ್ದರೆ ನಾನು ಹೋಗುತ್ತಿದ್ದೆ.