ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳ

ಕಟ್ಟಾಯದ ಸುತ್ತಮುತ್ತ ಯಾರ ಪಂಪ್‌ಸೆಟ್ ಕೆಟ್ಟರೂ ಎಲೆಕ್ಟ್ರಿಷಿಯನ್ ನಟರಾಜನಿಗೇ ಫೋನು. ರಿಪೇರಿ ಮುಗಿಸಿ ಅವನು ಸ್ಟಾರ್ಟರ್ ಪೆಟ್ಟಿಗೆಗೆ ಮುಚ್ಚಳ ಹಾಕಿ ಹೊರಟರೆ ಸಾಕು, ಬೈಕು ತಿರುವು ದಾಟುವುದನ್ನೇ ಕಾದಿದ್ದು ರೈತರು ಅದನ್ನು ಬಿಚ್ಚಿಡುತ್ತಾರೆ. ಕಾರಣವೇನೂ ಗುಟ್ಟಲ್ಲ. ಊರವರು ಟಿ.ಸಿ. ಎನ್ನುವ ಟ್ರಾನ್ಸ್‌ಫಾರ್ಮರ್‌ಗೆ ಹೊರೆ ಹೆಚ್ಚಾಗಿ ವೋಲ್ಟೇಜ್ ಇಳಿದಾಗ ಹಸಿರು ಗುಂಡಿ ಕೆಲಸ ಮಾಡುವುದಿಲ್ಲ. ಒಣಕಡ್ಡಿಯೊಂದನ್ನು ಪೆಟ್ಟಿಗೆಯೊಳಗೇ ಹಾಕಿ ಒತ್ತಿದರೆ ಮೋಟಾರು ಎದ್ದು ಕೂರುತ್ತದೆ. ಅಂಥ ಕಡ್ಡಿ ಪ್ರತಿ ಪೆಟ್ಟಿಗೆಯ ಪಕ್ಕದಲ್ಲೂ ದಾರದಲ್ಲಿ ತೂಗುತ್ತಿರುತ್ತದೆ. ಮುಚ್ಚಳವೋ, ಕೋಳಿಮರಿಗೆ ನೀರಿಡಲು ಮನೆ ಸೇರಿರುತ್ತದೆ.

“ಮುಚ್ಚಳ ಇರ್ಲೇಬೇಕು ಅಂತ ಕಾನೂನೈತೆ ಕಣಣ್ಣ. ಒಳಗಿನ ತಂತಿ ಯಾರ್ ಕೈಗೂ ಸಿಗಬಾರ್ದು,” ಎಂದರೆ, ದೊಡ್ಡ ಹಿಡುವಳಿಯ ರಂಗಸ್ವಾಮಿ, “ಕಾನೂನು ಬಂದು ನನ್ ಶುಂಠಿಗೆ ನೀರ್ ಕಟ್ತೈತೇನ್ಲಾ?” ಎನ್ನುತ್ತಾನೆ. ಹೇಳಿ ಹೇಳಿ ನಟರಾಜನ ಬಾಯಿ ಸೋತಿದೆ.

ಹೋದ ಮಳೆಗಾಲದಲ್ಲಿ ಅವನ ತಮ್ಮ ರವೀಶ್ ಹೀಗೇ ತೆರೆದ ಪೆಟ್ಟಿಗೆಗೆ ಕಡ್ಡಿ ಹಾಕಲು ಹೋಗಿ ಸತ್ತ. ಕಡ್ಡಿ ನೆಂದಿತ್ತು. ತಿಥಿ ಊಟಕ್ಕೆ ಬಂದವರೆಲ್ಲ ಇನ್ನು ಮುಚ್ಚಳ ತೆಗೆಯುವುದಿಲ್ಲ ಎಂದು ತಲೆಯಾಡಿಸಿದರು. ಆ ವಾರವೇ ನಟರಾಜ ಅವರ ಹೊಲಗಳ ಕಡೆ ಹೋಗಿ ನೋಡಿದ, ಒಂದು ಪೆಟ್ಟಿಗೆಗೂ ಮುಚ್ಚಳವಿಲ್ಲ. ಅವನಿಗೆ ಸಿಟ್ಟೂ ಬರಲಿಲ್ಲ, ಬರೀ ಸುಸ್ತು.

ತಮ್ಮನ ಹೆಂಡತಿ ಸ್ಮಿತಾ ಈಗ ಒಬ್ಬಳೇ ಬೇಸಾಯ ನೋಡುತ್ತಾಳೆ. ಅವಳ ಪೆಟ್ಟಿಗೆಗೆ ಹೊಸ ಮುಚ್ಚಳ ತಂದು, ಸ್ಕ್ರೂ ಬಿಗಿದು, ಕಡ್ಡಿಯನ್ನು ಮುರಿದು ಒಲೆಗೆ ಹಾಕಿದ್ದ. ಇವಳಿಗೂ ಏನೂ ಆಗದಿದ್ದರೆ ಸಾಕು ಎಂಬುದೊಂದೇ ಅವನಿಗೆ ಉಳಿದಿದ್ದ ಆಸೆ. ಮೊನ್ನೆ ಬೆಳಿಗ್ಗೆ ಹೋದರೆ ಮುಚ್ಚಳ ಬದುವಿನ ಮೇಲಿತ್ತು. ಸ್ಮಿತಾಳ ಕೈಯಲ್ಲಿ ಹೊಸ ಕಡ್ಡಿ.

“ನಿಂಗೂ ಬುದ್ಧಿ ಬರ್ನಿಲ್ವಾ ತಾಯಿ?”

“ಗುಂಡಿ ಒತ್ತೀ ಒತ್ತೀ ಬೆಳ್ಳು ನೋಯ್ತೈತೆ ಭಾವ. ಶುಂಠಿ ಬಾಡ್ತಾ ಐತೆ. ಟಿ.ಸಿ. ಬದಲಾಯಿಸ್ತೀವಿ ಅಂದ ಕರೆಂಟ್ ಆಫೀಸ್ನೋರು ಬರ್ನೇ ಇಲ್ಲ. ನಾನೇನ್ ಮಾಡ್ಲಿ, ನೀವೇ ಯೇಳಿ.”

ನಟರಾಜ ಅವಳ ಕೈಯಿಂದ ಕಡ್ಡಿ ಇಸಿದುಕೊಂಡು, ಒಣಗಿದೆಯೇ ಎಂದು ಕೆನ್ನೆಗೆ ಒತ್ತಿ ನೋಡಿದ. ಆಮೇಲೆ, ಊರಿಗೆಲ್ಲ ಬೇಡವೆಂದು ಬುದ್ಧಿ ಹೇಳಿದ್ದ ಅದೇ ಕೆಲಸವನ್ನು ತಾನೇ ಮಾಡಿದ. ಮೋಟಾರು ಎದ್ದಿತು, ನೀರು ಬಂತು.

“ನಾಳಿಂದ ಕರೆಂಟ್ ಬಂದಾಗ ಫೋನ್ ಮಾಡು, ನಾನೇ ಬತ್ತೀನಿ. ನೀನು ಮುಟ್ಬ್ಯಾಡ.”

ಶುಂಠಿಯ ಪಾತಿಗಳು ನೆನೆಯುವವರೆಗೂ ಬದುವಿನ ಮೇಲೆ ಕೂತಿದ್ದ. ಮೋಟಾರು ನಿಲ್ಲಿಸಿ, ಮುಚ್ಚಳ ಬಿಗಿದು, ಕಡ್ಡಿಯನ್ನು ತನ್ನ ಸ್ಪ್ಯಾನರು, ಟೆಸ್ಟರುಗಳ ಚೀಲದೊಳಗೆ ಹಾಕಿಕೊಂಡು ಹೊರಟ.