ಒಗೆಯುವ ಕಲ್ಲಿನ ಪಾಳಿ

ಬಾಗಿಲು ತೆರೆಯುತ್ತಲೇ ಪಕ್ಕದ ಓಣಿಯ ಮುದುಕಿ ನನ್ನ ಕೈಗೆ ಕುಡುಗೋಲು ಕೊಟ್ಟಳು. "ಇವತ್ತ ನಿಮ್ಮ ಪಾಳಿ ಐತ್ರಿ ಮಾಸ್ತರ. ಕ್ವಾಟಿಗೆ ಹೋಗೂಣು ಬರ್ರಿ," ಎಂದಳು.

ಐವತ್ತರ ದಶಕದ ಕೊನೆಯಲ್ಲಿ ನಾನು ಹಳೆಯ ಕೋಟೆಯಿದ್ದ ಬಂಕಾಪುರದಲ್ಲಿ ಶಾಲಾ ಮಾಸ್ತರನಾಗಿದ್ದೆ. ವಾರವಿಡೀ ಪಾಠ ಹೇಳಿ ಗಂಟಲು ಕಟ್ಟಿತ್ತು. ಆ ಭಾನುವಾರ ಮಲಗಿಬಿಡಬೇಕು ಎಂಬುದೊಂದೇ ಆಸೆ. ಎಂಥ ಪಾಳಿ ಎಂದು ಸಿಡುಕಿದೆ.

ಆಕೆ ಹಿತ್ತಲಲ್ಲಿದ್ದ ಬಟ್ಟೆ ಒಗೆಯುವ ಕಲ್ಲನ್ನು ತೋರಿಸಿದಳು. "ಅದು ಕ್ವಾಟಿ ಕಲ್ಲರಿ. ಹಿಂದ ಯಾರೋ ಕಿತ್ಕೊಂಡು ಬಂದಾರ. ಅಂಥಾ ಕಲ್ಲ ಇದ್ದ ಮನಿಯವರು ವರ್ಷಕ್ಕೊಂದ ದಿನ ಕ್ವಾಟಿ ಗ್ವಾಡ್ಯಾಗಿನ ಗಿಡಾ ಕೀಳಬೇಕು. ನಮ್ಮನ್ಯಾಗ ಎರಡು ಅದಾವ, ನಾ ಎರಡ ದಿನಾ ಬರ್ತೇನಿ."

ನಾನು ಬರೀ ಬಾಡಿಗೆಯವನು ಎಂದೆ.

"ಅದರ ಮ್ಯಾಲ ಅರಿವಿ ಒಗಿಯೋರು ನೀವ ಹೌದಲ್ರಿ?"

ವಾದಿಸಲೂ ತ್ರಾಣವಿರಲಿಲ್ಲ. ಹೋದೆ.

ಏಳೆಂಟು ಮಂದಿ ಆಗಲೇ ಕೋಟೆ ಗೋಡೆಯ ಸಂದುಗಳಿಂದ ಗಿಡ ಕೀಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಮುದುಕಿ ಒಂದು ಸಂದಿಗೆ ಕೈಹಾಕಿ, ಹೋದ ವರ್ಷ ತಾನೇ ಕಿತ್ತ ಬೇರು ಮತ್ತೆ ಚಿಗುರಿದ್ದನ್ನು ತೋರಿಸಿದಳು. ಸೊಂಟ ಹಿಡಿದುಕೊಂಡು, ಅದನ್ನೇ ಮತ್ತೆ ಕೀಳತೊಡಗಿದಳು.

ಮರುವರ್ಷ ನನಗೆ ಸವಣೂರಿಗೆ ವರ್ಗವಾಯಿತು. ಬಾಡಿಗೆ ಮನೆ ನೋಡಲು ಹೋದಾಗ ನೀರಿನ ಅನುಕೂಲ ಕೇಳುವ ಮೊದಲೇ, ಹಿತ್ತಲಿನ ಕಲ್ಲು ಎಲ್ಲಿಯದು ಎಂದು ವಿಚಾರಿಸಿದೆ. ಮಾಲೀಕರಿಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿದ್ದಷ್ಟು ವರ್ಷವೂ ಅಂಗಿ ಒಗೆಯಲು ಬಗ್ಗಿದಾಗಲೆಲ್ಲ, ಎಲ್ಲೋ ನನ್ನ ಪಾಳಿ ತಪ್ಪುತ್ತಿದೆ ಎನಿಸುತ್ತಿತ್ತು.